ಅರಿಶಿನದ ಮೂರು ಕಲೆ

ಜುಲೈ ಹದಿಮೂರು, ಬೆಳಿಗ್ಗೆ ಆರು ಐವತ್ತು. ತಮಿಳು ಸೀಮೆಯ ಸೋಮನೂರು.

ಎರಡು ವರ್ಷದ ಹಿಂದಿನ ದಿನಚರಿ ತೆರೆದೆ. ಒಂದು ಪುಟದ ಮೂಲೆಯಲ್ಲಿ ಅರಿಶಿನದ ಹೆಬ್ಬೆರಳಿನ ಗುರುತು. ನನ್ನದಲ್ಲ, ಚೌಡಮ್ಮತ್ತೆಯದು. ನಮ್ಮಲ್ಲಿ ಮಗ್ಗಕ್ಕೆ ಹೊಸ ಹಾಸುನೂಲು ಏರಿಸಿದಾಗ ಬಟ್ಟೆಯ ತಲೆಯಂಚಿಗೆ ಅರಿಶಿನ ಒತ್ತುತ್ತಾರೆ. ಆ ಗೇಣುದ್ದವನ್ನು ಆಮೇಲೆ ಕತ್ತರಿಸಿ ತೆಗೆಯುವುದರಿಂದ ಅದನ್ನು ಯಾರೂ ಕಲೆ ಎನ್ನುವುದಿಲ್ಲ. ಎನ್ನುತ್ತಿರಲಿಲ್ಲ ಎಂದು ಬರೆಯಬೇಕು.

ಅತ್ತೆ ನನ್ನ ಅಪ್ಪನ ಅಕ್ಕ. ಇಪ್ಪತ್ತಾರು ವರ್ಷದಿಂದ ಒಂದೇ ಶೆಡ್ಡಿನಲ್ಲಿ ನೇಯ್ದ ಬಟ್ಟೆಯ ದೋಷ ಹುಡುಕುವವರು. ಬಾಯಿ ಮಾತಾಡುತ್ತಲೇ ಇರುತ್ತದೆ. ಬೆರಳು ಮಾತ್ರ ತಪ್ಪಿದ ಎಳೆಯ ಮೇಲೆ ನಿಂತುಬಿಡುತ್ತದೆ. ಅಲ್ಲೊಂದು ಕೆಂಪು ನೂಲು ಕಟ್ಟುತ್ತಾರೆ. ಚಿಕ್ಕಂದಿನಲ್ಲಿ ಆ ಗಂಟುಗಳನ್ನು ಎಣಿಸುತ್ತ ಕೂತೇ ನನಗೆ ಲೆಕ್ಕದ ಚಟ ಹತ್ತಿದ್ದು. ನಮ್ಮ ಮನೆಯ ಮೆಟ್ಟಿಲು ಹದಿನಾಲ್ಕು. ನೀವು ಕೇಳದಿದ್ದರೂ ಹೇಳುತ್ತೇನೆ.

ಆ ದಿನಚರಿಯ ವರ್ಷ ಮುದಲಾಳಿ, ಅಂದರೆ ಶೆಡ್ಡಿನ ಮಾಲೀಕರು, ಕ್ಯಾಮೆರಾದ ಎಐ ಯಂತ್ರ ತರಿಸಿದರು. ಹತ್ತು ರೋಲ್ ಅತ್ತೆ ನೋಡಬೇಕು, ಅದೇ ಹತ್ತನ್ನು ಯಂತ್ರವೂ ನೋಡಬೇಕು. ಯಂತ್ರ ಗೆದ್ದರೆ ಅತ್ತೆಯ ಕೆಲಸ ಇಲ್ಲ. ಲೆಕ್ಕ ಬರೆಯಲು ನನ್ನನ್ನೇ ಕರೆದರು. ನಾನೂ ಹೆಮ್ಮೆಯಿಂದ ಸ್ಕೇಲ್ ಹಿಡಿದು ಹೋದೆ!

ಕ್ಯಾಮೆರಾದ ಕೆಳಗೆ ಬಟ್ಟೆ ನೀರಿನಂತೆ ಹರಿಯಿತು. ಒಂದು ಎಳೆ ತಪ್ಪಿದರೂ ಯಂತ್ರ ಹಿಡಿಯುತ್ತಿತ್ತು. ಅತ್ತೆಯೇ ಬೆರಗಾದರು.

"ಅಡಡಾ! ಸೊಸೆ ತಪ್ಪು ಹುಡುಕೋ ನನ್ನ ಮಾಮಿಯಾರಿಗೂ ಇಂಥ ಕಣ್ಣಿರ್ಲಿಲ್ಲ ಕಣೋ!"

ಅತ್ತೆ ಹಿಡಿದ ದೋಷ ಮೂವತ್ತೆಂಟು, ಯಂತ್ರ ಹಿಡಿದದ್ದು ನಲವತ್ತಮೂರು. ಮೂರು ಸಲ ಕೂಡಿದೆ. ಹೆಚ್ಚಿನ ಐದರಲ್ಲಿ ಎರಡು ಅತ್ತೆಯ ಕೈಗೆ ನಿಜವಾಗಿ ತಪ್ಪಿದ್ದವು. ಉಳಿದ ಮೂರು ಅರಿಶಿನ. ಆ ಮೂರು ರೋಲನ್ನೂ ಯಂತ್ರ ಬೇಡವೆಂದಿತ್ತು.

ಅತ್ತೆ ನನ್ನ ಪುಟದ ಮೇಲೆ ಅರಿಶಿನದ ಹೆಬ್ಬೆರಳು ಒತ್ತಿದರು. "ಈಗ ನಿನ್ನ ಬುಕ್ಕೂ ಬೇಡ್ವಾ?"

"ಅಕ್ಕಾ, ಇನ್ಮೇಲೆ ಅರಿಶಿನ ಬಿಟ್ಬಿಡಿ" ಎಂದರು ಮುದಲಾಳಿ.

"ಇವತ್ತು ಅರಿಶಿನ, ನಾಳೆ ಇನ್ನೊಂದು. ನಾನು ತಪ್ಪು ಮಾಡಿದ್ರೆ ನೀನು ಬಯ್ತೀಯ ತಂಬಿ. ಇದು ತಪ್ಪು ಮಾಡಿದ್ರೆ ಯಾರ್ನ ಬಯ್ತೀಯ?"

ಮುದಲಾಳಿ ನಕ್ಕರು. ನಗು ನಿಂತ ಮೇಲೂ ಆ ಮೂರು ರೋಲನ್ನೇ ನೋಡುತ್ತಿದ್ದರು. ವಾರದೊಳಗೆ ಅತ್ತೆ ಬಟ್ಟೆ ನೋಡುತ್ತಿದ್ದ ಮೇಜು ಹೋಯಿತು. ಯಂತ್ರದ ಪಕ್ಕ ಅವರಿಗೊಂದು ಕುರ್ಚಿ ಬಂತು. ಯಂತ್ರ ಬೇಡವೆಂದದ್ದನ್ನು ಅತ್ತೆಯೂ ಬೇಡವೆಂದರೆ ಮಾತ್ರ ಬೇಡ, ಇದು ಮುದಲಾಳಿಯ ಹೊಸ ನಿಯಮ.

ಇವತ್ತು ಇಷ್ಟು ಬರೆದು, ಅತ್ತೆಗೆ ಬುತ್ತಿ ಕೊಡಲು ಶೆಡ್ಡಿಗೆ ಹೋಗಿ ಬಂದೆ. ಅರಿಶಿನ ಕಂಡು ಯಂತ್ರ ಕೆಂಪು ದೀಪ ಹಚ್ಚಿ ನಿಂತಿತ್ತು. ಅತ್ತೆ ಹಸಿರು ಗುಂಡಿ ಒತ್ತಿ, "ಅದು ಕಲೆ ಅಲ್ಲ ಕಂದಾ, ಹೋಗು" ಎಂದರು. ಬಟ್ಟೆ ಹರಿಯಿತು. ಅಷ್ಟೆಲ್ಲ ಕಾಣಬಲ್ಲ ಯಂತ್ರ ಒಂದು ಹಳದಿ ಬೆರಳಿಗಾಗಿ ಕಾದು ನಿಂತದ್ದನ್ನು ನೋಡಿ ನಾನು ಎಣಿಸುವುದನ್ನೇ ಮರೆತೆ.

"ಈ ಮುದಲಾಳಿ ತಂಬಿ ನನ್ನ ಇಲ್ಲಿ ಕೂರ್ಸಿದಾನೆ" ಎಂದರು ಅತ್ತೆ, ಬುತ್ತಿ ಬಿಚ್ಚುತ್ತ. "ನಾಳೆ ಇವ್ನ ಮಗ ಎಬ್ಬಿಸಿದ್ರೆ? ಗೌರ್ಮೆಂಟಿನ ರೂಲ್ಸು ಏನೂ ಇಲ್ವಾ?"

ಎಐಗೆ ಕಾನೂನು ಬೇಕೆಂಬ ಚರ್ಚೆಯನ್ನು ನಾನೂ ಓದುತ್ತೇನೆ. ಯಂತ್ರದ ಪಕ್ಕ ಒಬ್ಬ ಮನುಷ್ಯ ಇರಲೇಬೇಕೆಂದು ಎಲ್ಲಾದರೂ ಬರೆದಿದೆಯೇ? ದಿನಚರಿಯಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ. ತಿಳಿದವರು ದಯವಿಟ್ಟು ನನಗೆ ಬರೆಯಿರಿ. ಮನೆಮಾತು ಕನ್ನಡವಾದರೂ ಅತ್ತೆಗೆ ಕನ್ನಡ ಅಕ್ಷರ ಬಾರದು. ನಾನು ಓದಿ ಹೇಳುತ್ತೇನೆ.