ಶೇಂಗಾ ತೂಗುವಲ್ಲಿ ಮಗಳ ತೂಕ

ಶೇಂಗಾ ಚೀಲ ಇಳಿಸಿದ ಕೂಡಲೇ ರೈತನೊಬ್ಬ ತೂಕದ ಯಂತ್ರದ ಮೇಲೆ ಟವೆಲ್ ಹಾಸಿ, ಹೆಂಡತಿಯ ಕೈಯಲ್ಲಿದ್ದ ಕೂಸನ್ನು ಮಲಗಿಸಿಯೇಬಿಟ್ಟ. ಲಕ್ಷ್ಮೇಶ್ವರದ ಕಾಳಿನ ಅಂಗಡಿಯಲ್ಲಿ ಸರದಿಗೆ ನಿಂತಿದ್ದ ನಾವೆಲ್ಲ ದಂಗಾದೆವು. ಮಗಳ ತೂಕ ಕಡಿಮೆ ಇದೆ ಎಂದು ಎರಡು ತಿಂಗಳ ಹಿಂದೆ ನರ್ಸ್ ಹೇಳಿದಾಗಿನಿಂದ ಅವನಿಗೆ ಸಮಾಧಾನವಿರಲಿಲ್ಲವಂತೆ.

ಆರು ಕಿಲೋ ಇದ್ದವಳು ಏಳಾಗಿದ್ದಳು. ಅವನ ಮುಖ ಅರಳುವಷ್ಟರಲ್ಲಿ ಕೂಸು ಅಲ್ಲೇ ಉಚ್ಚೆ ಹೊಯ್ದಿತು. ಶೇಂಗಾ ತುಸು ಹಸಿಯಿದ್ದರೂ ತೂಕ ಮುರಿದುಕೊಳ್ಳುವ ಅಂಗಡಿ ಸಾಹುಕಾರರು ಗಂಭೀರವಾಗಿ, “ಮಾಲು ಹಸಿ ಐತೆಪಾ, ಅರ್ಧಾ ಕಿಲೋ ಮುರಕೊಂತೀನಿ” ಎಂದರು.

ನಾವು ಹೊಟ್ಟೆ ಹಿಡಿದು ನಕ್ಕೆವು. ಅವನು ನಗಲಿಲ್ಲ.

“ಶೇಂಗಾದಾಗ ಎಷ್ಟರ ಮುರಕೋರಿ ಸಾವಕಾರ್ರ, ನನ್ನ ಮಗಳ ತೂಕಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ!” ಎಂದು ಒದ್ದೆ ಮಗಳನ್ನು ಎದೆಗವಚಿಕೊಂಡ. ಸಾಹುಕಾರರು ಅವತ್ತು ಅವನ ಶೇಂಗಾದಲ್ಲೂ ಏನೂ ಮುರಿದುಕೊಳ್ಳಲಿಲ್ಲ.

ಮನೆಗೆ ಬಂದು, ನನ್ನ ಮೂರು ಮಕ್ಕಳು ಹುಟ್ಟಿದಾಗ ಎಷ್ಟೆಷ್ಟು ತೂಕವಿದ್ದರೆಂದು ನೆನಪಿಸಿಕೊಳ್ಳಲು ನೋಡಿದೆ. ಒಂದೂ ನೆನಪಾಗಲಿಲ್ಲ. ಹೆಂಡತಿಯನ್ನು ಕೇಳಿದರೆ, ರೊಟ್ಟಿ ಬಡಿಯುತ್ತಲೇ ಮೂವರದನ್ನೂ ಗ್ರಾಂ ಸಮೇತ ಹೇಳಿ, “ಇಪ್ಪತ್ತ ವರ್ಷಕ್ಕ ಈಗ ನೆನಪಾತೇನ್ರಿ?” ಎಂದಳು.