ಪರದೆಗಳಿಗೊಂದು ತಗಡಿನ ಮನೆ

ಕೊರಟಗೆರೆಯಿಂದ ನಾವು ಹೊರಟಾಗ ಬಿಸಿಲು ಇನ್ನೂ ಏರಿರಲಿಲ್ಲ. ಗಾಡಿ ಓಡಿಸುತ್ತಿದ್ದವರು ನಮ್ಮ ಮನೆಯವರು. ಕಿಟಕಿಯ ಪಕ್ಕ ಮಾವನವರು, ನಡುವೆ ನಾನು. ಮಿಲಿಟರಿಯವರು ಹರಾಜಿನಲ್ಲಿ ಮಾರಿದ್ದ ಹಳೆಯ ಪಿಕಪ್ ಗಾಡಿ ಅದು. ಹಿಂಭಾಗದಲ್ಲಿ ಕಬ್ಬಿಣದ ಪೈಪಿನ ಚೌಕಟ್ಟು, ಅದರ ಮೇಲೆ ತೂತು ಬಿದ್ದ ಟಾರ್ಪಾಲು. ಟಾರ್ಪಾಲಿನ ಕೆಳಗೆ ದರ್ಬಾರು, ಕಾಡು, ಉದ್ಯಾನ, ಬೀದಿ, ಸೆರೆಮನೆ ಎಂಬ ಐದು ಪರದೆಗಳು, ಅಂಗಿ ಕಿರೀಟಗಳ ಟ್ರಂಕುಗಳು, ಒಂದು ಹಾರ್ಮೋನಿಯಂ. ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರಿಗೆ ಇವನ್ನು ಬಾಡಿಗೆಗೆ ಕೊಡುವುದು ನಮ್ಮ ಕಸುಬು. ಪರದೆ ಬರೆದವರು ಮಾವನವರು. ಉಡುಪು ಹೊಲಿದು ಕಾಯುವವಳು ನಾನು. ಅರವತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ.

ಹೋಗಬೇಕಾಗಿದ್ದುದು ಪಾವಗಡದಾಚೆಯ ಒಂದು ಹಳ್ಳಿಗೆ. ಹಿಂದಿನ ಬೇಸಿಗೆಯಲ್ಲಿ ಅದೇ ಊರಿಗೆ ಹೋಗುವಾಗ ದಾರಿಯಲ್ಲಿ ಮಳೆ ಹಿಡಿದು ಪರದೆಗಳು ನೆನೆದಿದ್ದವು. ನಾಟಕದಲ್ಲಿ ರಾಜ ಒಡ್ಡೋಲಗಕ್ಕೆ ಬಂದು ಕೂತರೆ, ಅವನ ಬೆನ್ನ ಹಿಂದೆ ಅರಮನೆಯ ಕಂಬಗಳು ಕರಗಿ ಹರಿದಿದ್ದವು. ಕೂತ ಜನವೆಲ್ಲ ನಕ್ಕರು. ಮಾವನವರು ಊಟ ಮುಟ್ಟದೆ ಗಾಡಿಯಲ್ಲಿ ಹೋಗಿ ಕೂತಿದ್ದರು. ಅದು ಸಾಲದೆಂಬಂತೆ ವಾಪಸು ಬರುವಾಗ ಮಧುಗಿರಿಯಲ್ಲಿ ಕಾಫಿ ಕುಡಿಯಲು ನಿಲ್ಲಿಸಿದ್ದ ಹೊತ್ತಿನಲ್ಲಿ ಟಾರ್ಪಾಲು ಎತ್ತಿ ಯಾರೋ ಒಂದು ಗದೆ ಕದ್ದರು. ಮುಂದಿನ ನಾಟಕದಲ್ಲಿ ಒಬ್ಬ ಮಹಾವೀರ ಒನಕೆ ಹಿಡಿದು ಯುದ್ಧ ಮಾಡಬೇಕಾಯಿತು.

ಆದರೂ ಆ ಊರಿನವರು ಈ ವರ್ಷವೂ ನಮ್ಮನ್ನೇ ಕರೆದಿದ್ದರು. ಕರೆಯುವಾಗ ಊರ ಹಿರಿಯರು ಒಂದು ಮಾತು ಹೇಳಿ ಕಳಿಸಿದ್ದರು: ಈ ಸಲವೂ ಪರದೆ ಒದ್ದೆಯಾಗಿ ಬಂದರೆ ಇನ್ನು ಮುಂದೆ ಹಿಂದೂಪುರದಿಂದ ತರಿಸಿಕೊಳ್ಳುತ್ತೇವೆ. ಮಾವನವರು ಎರಡು ತಿಂಗಳಿಡೀ ಕೂತು ಪರದೆಗಳನ್ನು ಹೊಸದಾಗಿ ಬರೆದರು. ಬರೆದು ಮುಗಿಸಿದ ದಿನ ಮಗನನ್ನು ಕರೆದು, "ನೋಡು, ಇದರ ಮೇಲೆ ಇನ್ನೊಂದು ಸಲ ಮಳೆ ಬಿದ್ರೆ ನಾನು ಕುಂಚ ಮುಟ್ಟಲ್ಲ" ಅಂದರು. ಅವರ ಮಾತು ಅಂದರೆ ಮಾತು. ಅದಕ್ಕೇ ನಾವು ನೇರ ಪಾವಗಡಕ್ಕೆ ಹೋಗದೆ ಮೊದಲು ಸಿರಾದ ಕಡೆ ತಿರುಗಿದೆವು. ಗಾಡಿಯ ಹಿಂಭಾಗವನ್ನು ಪೂರ್ತಿ ಮುಚ್ಚಿ, ಬಾಗಿಲು ಬೀಗ ಇಟ್ಟು ಕೊಡುವ ತಗಡಿನ ಕೆಲಸದವರೊಬ್ಬರು ಅಲ್ಲಿದ್ದಾರೆಂದು ನಮ್ಮ ಮನೆಯವರು ಕೇಳಿದ್ದರು.

ಮಧುಗಿರಿಯಲ್ಲಿ ಇಡ್ಲಿ ತಿಂದು ಹೊರಟೆವು. ಅಲ್ಲಿಂದ ಸಿರಾಕ್ಕೆ ಇಪ್ಪತ್ತಕ್ಕೂ ಹೆಚ್ಚು ಮೈಲಿ. ರಸ್ತೆಯಲ್ಲಿ ಜಲ್ಲಿಗಿಂತ ಧೂಳೇ ಜಾಸ್ತಿ. ಸಿರಾ ತಲುಪಿದಾಗ ನನ್ನ ಕಪ್ಪು ಸೀರೆ ಬೂದಿಬಣ್ಣಕ್ಕೆ ತಿರುಗಿತ್ತು.

ತಗಡಿನ ಕೆಲಸದ ಮಹಬೂಬ್ ಸಾಬರ ಅಂಗಡಿ ಪೇಟೆಯ ಒಂದು ಸಂದಿಯಲ್ಲಿತ್ತು. ಬಿಂದಿಗೆ, ಹೂಜಿ, ಎಣ್ಣೆ ಅಳೆಯುವ ಪಾವು ಇವೇ ಅವರ ದಿನನಿತ್ಯದ ಕೆಲಸ. ವಯಸ್ಸಿನಲ್ಲಿ ಮಾವನವರ ಓರಗೆಯವರು, ಮಾತಿನಲ್ಲಿ ಅವರಿಗಿಂತ ಒಂದು ಕೈ ಮೇಲು. ಗಾಡಿಯನ್ನು ಒಂದು ಸುತ್ತು ಬಂದು, ಪೈಪಿನ ಚೌಕಟ್ಟನ್ನು ಅಲ್ಲಾಡಿಸಿ ನೋಡಿ, "ಚೌಕಟ್ಟು ಬರಾಬರ್ ಐತೆ. ಇದಕ್ಕೇ ಬೇವಿನ ಪಟ್ಟಿ ಕಟ್ಟಿ ತಗಡು ಹೊಡೀತೀನಿ. ಒಳಗೆ ಸೊಳ್ಳೆ ಹೋಗಂಗಿಲ್ಲ" ಅಂದರು.

"ಸೊಳ್ಳೆ ಹೋಗದೆ ಇದ್ರೂ ಗಾಳಿ ಹೋಗ್ಬೇಕು ಕಣಯ್ಯ," ಅಂದರು ಮಾವನವರು.

"ಯಜಮಾನ್ರೇ, ಗಾಳಿ ಹೋದ ಕಡೆ ಪಾನಿನೂ ಹೋಗ್ತೈತೆ."

"ಗಾಳಿ ಇಲ್ದಿದ್ರೆ ಬಿಸಿಲಿಗೆ ಬಣ್ಣ ಬೆವರ್ತದೆ. ಬಣ್ಣ ಬೆವರಿದ್ ಮ್ಯಾಲೆ ಮಳೆ ಬ್ಯಾರೆ ಯಾಕೆ ಬೇಕು?"

ಅಲ್ಲಿಂದ ಶುರುವಾದ ಜಗಳ ಎರಡು ದಿನ ನಡೆಯಿತು. ಕೆಲಸವೂ ಅದರ ಜೊತೆಯಲ್ಲೇ ನಡೆಯಿತು. ಸೀಮೆಎಣ್ಣೆ ಡಬ್ಬಗಳನ್ನು ಬಿಚ್ಚಿ ತಟ್ಟಿ ಚಪ್ಪಟೆ ಮಾಡಿ, ಒಂದರ ಅಂಚನ್ನು ಇನ್ನೊಂದಕ್ಕೆ ಮಡಿಸಿ ಬೆಸೆದರು. ನೀರು ನಿಲ್ಲದಂತೆ ಮಾಡನ್ನು ಹಿಂದಕ್ಕೆ ಇಳಿಜಾರು ಮಾಡಿದರು. ಹಿಂಬದಿಯ ಬಾಗಿಲಿಗೆ ಹಳೆಯ ಟಯರ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಸುತ್ತ ಹೊಡೆದರು. ಬಾಗಿಲು ಹಾಕಿದರೆ ರಬ್ಬರು ಒತ್ತಿ ಕೂತು ಸಂದಿಯೇ ಇಲ್ಲದಂತಾಯಿತು. ಮೇಲೆ ಚಿಲಕ, ಚಿಲಕಕ್ಕೆ ನನ್ನ ಅಂಗೈಯಷ್ಟು ದೊಡ್ಡ ಬೀಗ.

ಪರದೆ ಸುತ್ತಿದ ಬಿದಿರುಗಳು ಗಾಡಿಗಿಂತ ಉದ್ದ. ಹಿಂದಕ್ಕೆ ಚಾಚಿದರೆ ಬಾಗಿಲು ಹಾಕುವಂತಿಲ್ಲ. ಸಾಬರು ಒಂದು ಬೀಡಿ ಮುಗಿಯುವವರೆಗೆ ಯೋಚಿಸಿ, ಮುಂಗಡೆಯ ಗೋಡೆಯನ್ನು ಮೇಲ್ಗಡೆ ಕೊರೆದು, ಡ್ರೈವರನ ತಲೆಯ ಮೇಲಿಂದ ಬಾನೆಟ್ಟಿನವರೆಗೆ ಒಂದು ಉದ್ದನೆಯ ತಗಡಿನ ಕೊಳವೆ ಕೂರಿಸಿದರು. ಅದರ ತುದಿಗೊಂದು ಮುಚ್ಚಳ. ಬಿದಿರುಗಳೆಲ್ಲ ಅದರೊಳಗೆ ಹೋದವು. ಗಾಳಿಯ ವಿಷಯದಲ್ಲಿ ಕೊನೆಗೆ ಇಬ್ಬರೂ ಅರ್ಧರ್ಧ ಸೋತರು. ಮಾಡಿನ ಅಂಚಿನ ಕೆಳಗೆ ಸಣ್ಣ ಕಿಂಡಿಗಳು, ಪ್ರತಿ ಕಿಂಡಿಗೂ ಕೆಳಕ್ಕೆ ಬಾಗಿದ ತಗಡಿನ ರೆಪ್ಪೆ, ಒಳಗಡೆ ಇಲಿ ನುಗ್ಗದಂತೆ ತಂತಿಬಲೆ.

ಎಲ್ಲ ಆದ ಮೇಲೆ ಸಾಬರು, "ಒಳಗೆ ಯಾರಾದ್ರೂ ಕೂತ್ಕೊಳ್ಳಿ, ಬಾಗ್ಲು ಹಾಕ್ತೀನಿ. ಬೆಳಕು ಕಂಡ ಕಡೆ ನೀರು ಬರ್ತೈತೆ" ಅಂದರು. ಪೊರಕೆಕಡ್ಡಿ ಹಿಡಿದು ನಾನೇ ಹೋದೆ. ಬಾಗಿಲು ಮುಚ್ಚಿದೊಡನೆ ಸುತ್ತ ನಕ್ಷತ್ರ ಮೂಡಿದ ಹಾಗಾಯಿತು. ಡಬ್ಬಗಳಿಗೆ ಹಿಂದೆ ಯಾರೋ ಹೊಡೆದಿದ್ದ ಮೊಳೆತೂತುಗಳು ಅವೆಲ್ಲ. ಒಂದೊಂದಕ್ಕೂ ಕಡ್ಡಿ ತೂರಿಸುತ್ತ ಹೋದೆ. ಹೊರಗಡೆ ಕಡ್ಡಿಯ ತುದಿ ಕಂಡಲ್ಲೆಲ್ಲ ಸಾಬರು ಬೆಸುಗೆ ಹಾಕಿದರು. ನಕ್ಷತ್ರಗಳು ಒಂದೊಂದಾಗಿ ನಂದಿ, ಕೊನೆಗೆ ಕಿಂಡಿಗಳ ಮಬ್ಬು ಬೆಳಕಷ್ಟೇ ಉಳಿಯಿತು. ನಾನು ಬೆವರಿ ತೊಪ್ಪೆಯಾಗಿ ಹೊರಬಂದಾಗ ಸಾಬರ ಹೆಂಡತಿ ಬೆಲ್ಲದ ಪಾನಕ ಕೊಟ್ಟು, "ಗಂಡಸ್ರು ಜಗಳ ಆಡ್ತಾರೆ, ಒಳಗೆ ಬೇಯೋರು ನಾವು" ಎಂದು ನಕ್ಕರು.

ಮಾವನವರಿಗೆ ಮಾತ್ರ ಸಮಾಧಾನವಿಲ್ಲ. "ಮಳೇಲಿ ನೋಡ್ದೆ ಹೆಂಗಯ್ಯ ಒಪ್ಕಳ್ಳಾದು?" ಅಂದರು.

ಸಾಬರಿಗೆ ರೇಗಿತು. "ನಾನೇ ಬರ್ತೀನಿ ನಡೀರಿ. ಪಾವಗಡದಾಗೆ ನನ್ ತಂಗಿ ಅವ್ಳೆ, ನೋಡ್ದಂಗೂ ಆಯ್ತದೆ. ಒಳಗೇ ಕೂತ್ಕಂಡು ಬರ್ತೀನಿ. ನಿಮ್ ಪರದೆ ಮ್ಯಾಲೆ ಒಂದು ಹನಿ ಬಿದ್ರೆ ಇದನ್ನ ಬಿಚ್ಕಂಡ್ ಹೋಗಿ ನಮ್ ಕೋಳಿಗೂಡಿಗೆ ಹಾಕ್ತೀನಿ."

ಹೀಗೆ ನಾಲ್ವರಾಗಿ ಸಿರಾ ಬಿಟ್ಟೆವು. ಸಾಬರೊಬ್ಬರನ್ನೇ ಪರದೆಗಳ ಜೊತೆ ಬಿಡಲು ಮನಸ್ಸಿಲ್ಲದೆ ಮಾವನವರೂ ಹಿಂದೆಯೇ ಹತ್ತಿದರು. ಬಿಸಿಲಿದ್ದುದರಿಂದ ಬಾಗಿಲು ತೆರೆದು ಕಟ್ಟಿದ್ದೆವು. ಮತ್ತೆ ಮಧುಗಿರಿಗೆ ಬಂದಾಗ ಬಣ್ಣ ಬಳಿಯದ ತಗಡು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಹೋಟೆಲಿನ ಮುಂದೆ ನಿಂತಿದ್ದವರೊಬ್ಬರು ಗಾಡಿಯ ಮುಂದಕ್ಕೆ ಸೊಂಡಿಲಿನಂತೆ ಚಾಚಿದ್ದ ಕೊಳವೆಯನ್ನು ನೋಡಿ, "ಏನ್ ಸ್ವಾಮಿ, ಆನೆಗೆ ತಗಡು ಹೊದ್ಸಿದ್ದೀರಾ?" ಎಂದು ಕೇಳಿದರು. ನಮ್ಮ ಮನೆಯವರು ಹಿರಿಯರಿಬ್ಬರನ್ನೂ ಇಳಿಸಿ ಬೀಗ ಹಾಕಿ, ಬೀಗದ ಕೈ ನನ್ನ ಸೆರಗಿಗೆ ಕಟ್ಟಿಸಿ, ಹೋಟೆಲಿನೊಳಗೆ ನೆಮ್ಮದಿಯಾಗಿ ಕೂತು ಎರಡು ಕಾಫಿ ಕುಡಿದರು. ಹಿಂದಿನ ವರ್ಷ ಗದೆ ಹೋದ ಮೇಲೆ, ಎಲ್ಲಿ ಕಾಫಿಗೆ ನಿಂತರೂ ಅವರ ಕಣ್ಣೆಲ್ಲ ಗಾಡಿಯ ಮೇಲೇ ಇರುತ್ತಿದ್ದದ್ದು ನನಗೆ ನೆನಪಿತ್ತು.

ಮಿಡಿಗೇಶಿಯ ಬೆಟ್ಟ ಕಾಣುವ ಹೊತ್ತಿಗೆ ಗಾಳಿ ತಿರುಗಿತು. ಐ.ಡಿ.ಹಳ್ಳಿಯ ಕಡೆಯಿಂದ ಕರಿಮೋಡ ಎದ್ದು ಬಂತು. ಭರಣಿ ಮಳೆ. ನಮ್ಮ ಮನೆಯವರು ಓಡಿ ಹೋಗಿ ಹಿಂದಿನ ಬಾಗಿಲು ಹಾಕಿ ಬರುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. ಆಮೇಲೆ ಸುರಿದದ್ದನ್ನು ಹನಿ ಎನ್ನುವಂತಿಲ್ಲ. ಗಾಜು ಒರೆಸುವ ಕಡ್ಡಿ ಎಂದೋ ಕೆಟ್ಟಿತ್ತು. ಮುಂದಿನ ಕಿಟಕಿಗಳಿಗೆ ಗಾಜೇ ಇರಲಿಲ್ಲ. ನಾವಿಬ್ಬರೂ ಕೂತಲ್ಲೇ ನೆನೆದೆವು. ಮುಂದೆ ಒಂದು ಹಳ್ಳ ಅಡ್ಡ ಬಂತು. ಕೆಂಪು ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಗಾಡಿ ನಿಲ್ಲಿಸಿದೆವು.

ತಗಡಿನ ಮೇಲೆ ಮಳೆಯ ಸದ್ದು ಹೇಗಿತ್ತೆಂದರೆ, ಪಕ್ಕದಲ್ಲಿದ್ದವರ ಮಾತೂ ಕೇಳಿಸುತ್ತಿರಲಿಲ್ಲ. ಆ ಸದ್ದಿನ ನಡುವೆ ಹಿಂದಿನಿಂದ ದಬದಬ ಬಡಿದದ್ದು ಕೇಳಿಸಿತು. ದರ್ಬಾರಿನ ಆ ಕಂಬಗಳು, ಕಂಬಕ್ಕೆ ಸುತ್ತಿದ ಹೂಬಳ್ಳಿ, ಅದನ್ನು ಬರೆಯುವಾಗ ನೆಲದ ಮೇಲೆ ಮೊಣಕಾಲೂರಿ ಕೂತಿದ್ದ ಮಾವನವರ ಬೆನ್ನು, ಎಲ್ಲ ಕಣ್ಣ ಮುಂದೆ ಬಂತು. ಇಳಿದು ಓಡಿದೆ. ಕಿಂಡಿಗೆ ಬಾಯಿಟ್ಟು, "ಮಾವಾ, ನೀರು ಬತ್ತಾ ಐತಾ? ಬಾಗ್ಲು ತೆಗೀಲಾ?" ಎಂದು ಕೂಗಿದೆ.

"ತೆಗೀಬ್ಯಾಡ," ಅಂದರು ಮಾವನವರು ಒಳಗಿನಿಂದ. "ತೆಗುದ್ರೆ ಎರಚ್ಲು ಬತ್ತದೆ. ನೀನು ಹೋಗಿ ಕೂತ್ಕಳಮ್ಮ."

ಏನಾಗಿದೆ ಎಂದು ಹೇಳಲಿಲ್ಲ. ಆ ಮಳೆ ನಿಲ್ಲುವವರೆಗೆ ನಾನು ಮುಂದೆ ಕೂತು ತಿರುತಿರುಗಿ ಹಿಂದಿನ ತಗಡನ್ನೇ ನೋಡುತ್ತಿದ್ದೆ.

ಮಳೆ ನಿಂತು ಬಾಗಿಲು ತೆಗೆದಾಗ ಕಂಡ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಬ್ಬರು ಹಿರಿಯರೂ ಟ್ರಂಕುಗಳ ಮೇಲೆ ಹತ್ತಿ ನಿಂತು, ತಲೆ ಬಗ್ಗಿಸಿ, ಕೈ ಮೇಲೆತ್ತಿ ಮಾಡನ್ನು ಹೊತ್ತವರ ಹಾಗೆ ಕಂಡರು. ಸೊಂಡಿಲು ಗೋಡೆಗೆ ಸೇರುವಲ್ಲಿ ಗಾಡಿಯ ಕುಲುಕಾಟಕ್ಕೆ ಬೆಸುಗೆ ಬಿಟ್ಟಿತ್ತು. ಆ ತಗಡನ್ನು ಮುಷ್ಟಿಯಿಂದ ಗುದ್ದಿ ಕೂರಿಸಲು ಸಾಬರು ನೋಡಿದ್ದೇ ನಮಗೆ ಕೇಳಿಸಿದ ದಬದಬ. ಆ ಬಿರುಕಿಗೆ ಮಾವನವರು ತಮ್ಮ ಪೇಟ ಬಿಚ್ಚಿ ಒತ್ತಿ ಹಿಡಿದಿದ್ದರು. ಪೇಟ ನೆನೆದ ಮೇಲೆ ಸಾಬರು ತಮ್ಮ ಹೆಗಲ ಟವೆಲು ಒತ್ತಿದ್ದರು. ಒಬ್ಬರು ಹಿಂಡುವುದು, ಇನ್ನೊಬ್ಬರು ಹಿಡಿಯುವುದು. ಇಬ್ಬರ ತೋಳಿನಿಂದಲೂ ನೀರು ಇಳಿಯುತ್ತಿತ್ತು. ಪರದೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಎಲ್ಲವೂ ಒಣಗಿದ್ದವು.

ಸಾಬರ ಮುಖ ಸಣ್ಣದಾಗಿತ್ತು. "ಯಜಮಾನ್ರೇ, ತಪ್ಪಾಯ್ತು. ಹನಿ ಬಿದ್ದುಬುಡ್ತು," ಅಂದರು.

ಮಾವನವರು ಪೇಟವನ್ನು ಹಿಂಡಿ ಕೊಡವಿದರು. "ಬಿದ್ದಿದ್ದು ನನ್ ಪೇಟದ ಮ್ಯಾಲೆ. ಪರದೆ ಮ್ಯಾಲೆ ಬಿದ್ರೆ ತಾನೆ ನಿಮ್ ಕೋಳಿಗೆ ಯೋಗ? ಡಾಂಬ್ರು ಇದ್ರೆ ಹಚ್ಚಿ, ಹೋಗಾನ."

ಹಳ್ಳ ಇಳಿಯುವುದನ್ನೇ ಕಾಯುತ್ತ, ಸಾಬರು ತಮ್ಮ ಡಬ್ಬಿಯಿಂದ ಡಾಂಬರು ತೆಗೆದು ಬಿರುಕಿಗೆ ಮೆತ್ತಿದರು. ಮಾವನವರು ಕೆಳಗೆ ನಿಂತು, ಇಲ್ಲಿ ಹಚ್ಚಿ, ಅಲ್ಲಿ ಹಚ್ಚಿ ಎಂದು ಹೇಳಿಕೊಟ್ಟರು. ಸಾಬರು ಒಂದಕ್ಕೂ ಎದುರಾಡಲಿಲ್ಲ.

ಪಾವಗಡದಲ್ಲಿ ಸಾಬರ ತಂಗಿಯ ಮನೆ ಮುಂದೆ ಸ್ವಲ್ಪ ಹೊತ್ತು ನಿಂತು, ಹುರಿದ ಕಡಲೆಕಾಯಿ ಕಟ್ಟಿಸಿಕೊಂಡು, ಸಂಜೆಗೆ ಆ ಹಳ್ಳಿ ಸೇರಿದೆವು. ಅಲ್ಲಿಯೂ ಮಳೆ ಬಂದು ಹೋಗಿತ್ತು. ನಮ್ಮ ಗಾಡಿ ಕಂಡೊಡನೆ ಜನ ಬಂದು ಸುತ್ತುಗಟ್ಟಿದರು. ಪರದೆ ಒಣಗಿದೆಯೆಂದು ಬರೀ ಮಾತಿಗೆ ನಂಬುವಂತಿರಲಿಲ್ಲ ಅವರ ಮುಖ. ಗಂಡಸರು ದರ್ಬಾರಿನ ಪರದೆಯನ್ನು ಎತ್ತಿ ಕಟ್ಟಿ ಬಿಚ್ಚಿದರು. ಊರ ಹಿರಿಯರು ಹತ್ತಿರ ಬಂದು, ಬಟ್ಟೆಯ ಕೆಳ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. ಬೆರಳು ನೋಡಿಕೊಂಡರು. ಬಣ್ಣ ಹತ್ತಿರಲಿಲ್ಲ.

"ಪೊಡಿಗಾ ಉಂದಿರಾ," ಒಣಗಿದೆ ಕಣ್ರೋ ಎಂದು ತೆಲುಗಿನಲ್ಲಿ ಜನಕ್ಕೆ ಹೇಳಿ, ಮಾವನವರ ಕಡೆ ತಿರುಗಿ, "ಕಂಬ ಗಟ್ಟಿಯಾಗಿ ನಿಂತವೆ ಸ್ವಾಮಿ, ಬನ್ನಿ ಊಟಕ್ಕೆ" ಅಂದರು.

ಮಾವನವರು ಅಂದು ಎರಡು ಮುದ್ದೆ ಉಂಡರು.

ಆ ಪರದೆಗಳನ್ನು ಬಿಚ್ಚಿ ಕಟ್ಟಿದ್ದನ್ನು ಸಾಬರು ನೋಡಿದ್ದು ಅದೇ ಮೊದಲು. ನಾಟಕ ಶುರುವಾಗುವ ತನಕ ದರ್ಬಾರಿನ ಮುಂದೆಯೇ ಕೂತು, "ಇದನ್ನ ಮೊದ್ಲೇ ತೋರ್ಸಿದ್ರೆ ಇನ್ನೊಂದ್ ಪದರ ತಗಡು ಹೊಡೀತಿದ್ದೆ" ಎಂದು ಮೆಲ್ಲಗೆ ನನಗೆ ಹೇಳಿದರು.

ನಾಟಕ ಮುಗಿದಾಗ ಬೆಳಗಾಗಿತ್ತು. ಉಡುಪುಗಳನ್ನು ಮಡಿಸಿ ಟ್ರಂಕಿಗೆ ತುಂಬುವಾಗ ನನಗೆ ರಾಜನ ಜರಿ ಅಂಗಿ ಸಿಗಲಿಲ್ಲ. ಕಿರೀಟ ಬಂದಿತ್ತು, ಕತ್ತಿ ಬಂದಿತ್ತು, ಅಂಗಿ ಇಲ್ಲ. ಒಂದು ಚಳಿಗಾಲವೆಲ್ಲ ಕೂತು ಹೊಲಿದ ಅಂಗಿ ಅದು. ರಾಜನ ಪಾತ್ರ ಮಾಡಿದ್ದ ಕಡಲೆಕಾಯಿ ವ್ಯಾಪಾರದ ನಾಗಿರೆಡ್ಡಿಯವರೂ ಕಾಣಲಿಲ್ಲ. ಮನೆಯಲ್ಲೂ ಇಲ್ಲ. "ತೋಟದ ಕಡೆ ಮಲಗಿರ್ತಾರೆ, ಅಂಗಿ ನಾವು ಕಳಿಸ್ತೀವಿ, ನೀವು ಹೊರಡಿ" ಎಂದು ಊರವರು ಸಮಾಧಾನ ಹೇಳಿದರು. ಹೊಸ ಮೋಡ ಏಳುವ ಮೊದಲು ಹಳ್ಳ ದಾಟಬೇಕಿತ್ತು. ಬಾಗಿಲಿಗೆ ಬೀಗ ಹಾಕಿ, ಹಿರಿಯರಿಬ್ಬರೂ ಮುಂದೆ ಕೂರುತ್ತೇವೆ ಎಂದದ್ದರಿಂದ ನಾಲ್ವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಹೊರಟೆವು. ಸಾಬರೂ ಮಾವನವರೂ ಹೊಸ ಕಾಡಿನ ಪರದೆಯಲ್ಲಿ ನವಿಲು ಇರಬೇಕೋ ಬೇಡವೋ ಎಂದು ವಾದ ಮಾಡುತ್ತಿದ್ದರು. ನನಗೆ ಅಂಗಿಯದೇ ಯೋಚನೆ.

ಪಾವಗಡ ದಾಟಿ ಬಹಳ ದೂರ ಬಂದ ಮೇಲೆ ಹಿಂದಿನಿಂದ ಬಡಿದ ಸದ್ದು ಕೇಳಿಸಿತು. ಗಾಡಿ ನಿಲ್ಲಿಸಿ ಬೀಗ ತೆಗೆದರೆ, ಟ್ರಂಕುಗಳ ಸಂದಿಯಿಂದ ಜರಿ ಅಂಗಿ, ಹುರಿಮೀಸೆ, ಹಣೆಯ ಮೇಲೆ ನಾಮ, ಎಲ್ಲದರ ಸಮೇತ ನಾಗಿರೆಡ್ಡಿ ಎದ್ದು ಬಂದರು. ಕೊನೆಯ ದೃಶ್ಯ ಮುಗಿಸಿ, ಒಂದು ಗಳಿಗೆ ಅಡ್ಡಾಗೋಣವೆಂದು ಗಾಡಿಯೊಳಗೆ ಹೋದವರು, ಮೇಲೆ ಸಾಮಾನು ಹೇರಿದ್ದೂ ಬೀಗ ಹಾಕಿದ್ದೂ ಗೊತ್ತಾಗದೆ ಮಲಗಿಬಿಟ್ಟಿದ್ದರು.

"ಪರದೆ ಮ್ಯಾಲೆ ಕಾಲಿಟ್ಯೇನಯ್ಯ?" ಎಂಬುದು ಮಾವನವರ ಮೊದಲ ಪ್ರಶ್ನೆ.

"ಇಲ್ಲ ಸ್ವಾಮಿ, ಅಯ್ಯೋ," ಎಂದು ರೆಡ್ಡಿಯವರು ಕಣ್ಣುಜ್ಜಿಕೊಂಡರು. "ಧೂಳಿಲ್ಲ, ಸೊಳ್ಳೆಯಿಲ್ಲ, ತಂಪಗೆ ಗಾಳಿ ಬೇರೆ. ಇಂಥಾ ನಿದ್ದೆ ನಮ್ಮನೇಲೂ ಬರಲ್ಲ. ಇದು ಯಾವೂರು?"

ಸಾಬರು ಮಾವನವರ ಮುಖ ನೋಡಿದರು. ಮಾವನವರು ಕಿಂಡಿಗಳ ಕಡೆ ನೋಡುತ್ತ ಮೀಸೆಯಲ್ಲೇ ನಕ್ಕರು.

ನಾನು ಅಂಗಿ ಬಿಡಿಸಿಕೊಂಡೆ. ಸಾಬರು ತಮ್ಮ ಗಂಟಿನಿಂದ ಒಂದು ಚೌಕುಳಿ ಲುಂಗಿ ತೆಗೆದುಕೊಟ್ಟರು, ನಮ್ಮ ಮನೆಯವರು ಬಸ್ಸಿನ ಚಾರ್ಜು ಕೊಟ್ಟರು. ಮೀಸೆ ಮಾತ್ರ ಗೋಂದು ಗಟ್ಟಿಯಾಗಿ ಬರಲಿಲ್ಲ. ನಾವು ಗಾಡಿ ಹೊರಡಿಸಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನಿಂದ ಪಾವಗಡದ ಬಸ್ಸು ಬಂದು ನಮ್ಮನ್ನು ದಾಟಿತು; ಕಿಟಕಿಯಿಂದ ತಲೆ ಹಾಕಿ ತಿರುಗಿ ನೋಡಿದೆವು. ಲುಂಗಿ ಬನಿಯನ್ನಿನಲ್ಲಿ, ಮುಖಕ್ಕೆ ಬಣ್ಣ, ಕಿವಿಯವರೆಗೆ ಮೀಸೆ ಇದ್ದ ರಾಜರು ರಸ್ತೆಯ ನಡುವೆ ನಿಂತು ಕೈ ಎತ್ತಿದ್ದರು. ಬಸ್ಸು ನಿಂತಿತು. ಕಂಡಕ್ಟರ್ ಕೆಳಗಿಳಿದು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕಕ್ಕೆ ಸರಿದು, ಬಾಗಿಲನ್ನು ಅಗಲವಾಗಿ ತೆರೆದು ಹಿಡಿದುಕೊಂಡರು.