ಹೊಟ್ಟೆ ತುಂಬ ತಿಂದವರ ಮೂತ್ರದಲ್ಲಿ ಕೀಟೋನ್

ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯೇ ಅವರ ಕನ್ನಡಕದ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಅಲ್ಲೇ ಕೂತು ಕಣ್ಣು ಪರೀಕ್ಷಿಸಿ, ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ ಕೊಡುತ್ತಿದ್ದರು. ಯಾರು ಒಳಗೆ ಬಂದರೂ ಮೊದಲ ಮಾತು "ನಂಬರ್ ಎಷ್ಟು?" ಎಂದೇ. ಹಾಗಾಗಿ ಸುತ್ತಲಿನ ಮಕ್ಕಳಿಗೆಲ್ಲ ಅವರು ನಂಬರ್ ಮಾಮ. ದೊಡ್ಡವರ ಬಾಯಲ್ಲೂ ಅದೇ ನಿಂತಿತು.

ನಲವತ್ನಾಲ್ಕನೆಯ ವಯಸ್ಸಿನಲ್ಲಿ ಅವರದೇ ನಂಬರ್ ಕೈಕೊಟ್ಟಿತು. ಗೋಡೆಯ ಮೇಲಿನ ಅಕ್ಷರಗಳು ಮಸುಕಾದವು. ಹೊಸ ಗಾಜು ಹಾಕಿಕೊಂಡರು. ಎಂಟೇ ದಿನಕ್ಕೆ ಅದೂ ಹೊಂದಲಿಲ್ಲ. ಕಣ್ಣು ಪರೀಕ್ಷಿಸುವ ಯಂತ್ರ ಕೆಟ್ಟಿರಬೇಕೆಂದು ಬಿಚ್ಚಿ, ಒರೆಸಿ, ಜೋಡಿಸಿದರು. ಗಿರಾಕಿಗಳ ನಂಬರ್ ಸರಿಯಾಗಿಯೇ ಬರುತ್ತಿತ್ತು, ತಮ್ಮದು ಮಾತ್ರ ವಾರಕ್ಕೊಂದು.

ಜೊತೆಗೆ ತೀರದ ಬಾಯಾರಿಕೆ. ನೀರು ಕುಡಿದಂತೆಲ್ಲ ಶೌಚಾಲಯಕ್ಕೆ ಓಟ. ಊಟ ಮೊದಲಿನ ಎರಡರಷ್ಟು, ಆದರೂ ಪ್ಯಾಂಟು ಸೊಂಟದಲ್ಲಿ ನಿಲ್ಲದು. ಪಕ್ಕದ ಬೀಗದ ಅಂಗಡಿಯವನು ಮೈ ಇಳಿಸಿದ ಗುಟ್ಟೇನೆಂದು ಕೇಳಿದ. ಏನೂ ಮಾಡಿಲ್ಲವೆಂದರೆ ಅವನು ನಂಬಲಿಲ್ಲ.

ಒಂದು ಬೆಳಿಗ್ಗೆ ಹಳೆಯ ಗಿರಾಕಿಯಾದ ನಿವೃತ್ತ ಟೀಚರ್ ಬಂದರು. ಕನ್ನಡಕದ ಕಡ್ಡಿಯನ್ನು ಕಿವಿಯ ಹಿಂದೆ ಕೂರಿಸಲು ಮಾಮ ಬಾಗಿದಾಗ ಟೀಚರ್ ಮುಖ ಹಿಂದಕ್ಕೆಳೆದುಕೊಂಡರು.

"ತಪ್ಪು ತಿಳ್ಕೋಬೇಡಪ್ಪ. ನಿನ್ನ ಉಸಿರು ಕೊಳೆತ ಹಣ್ಣಿನ ಹಾಗೆ ವಾಸನೆ ಬರ್ತಿದೆ. ಬೆಳಿಗ್ಗೆಬೆಳಿಗ್ಗೆನೇ ಏನಾದ್ರೂ ಹಾಕ್ಕೊಂಡು ಬಂದಿದ್ದೀಯಾ?"

ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ. ಅಂಗೈಗೆ ಉಸಿರೂದಿ ಮೂಸಿದರೆ ತಮಗೇನೂ ತಿಳಿಯಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಹೋಗಿ ಹೆಂಡತಿಯ ಮುಂದೆ ಬಾಯಿ ತೆರೆದು ನಿಂತರು. ನಾಲ್ಕು ದಿನದಿಂದ ತನಗೂ ಆ ವಾಸನೆ ಬರುತ್ತಿದೆ, ಕೇಳಲು ಬಾಯಿ ಬರದೆ ಬೀರುವಿನಲ್ಲಿ ಬಾಟಲಿ ಹುಡುಕಿದ್ದೂ ಆಯಿತು ಎಂದು ಆಕೆ ಒಪ್ಪಿಕೊಂಡಳು. ನಗಬೇಕೋ ಅಳಬೇಕೋ ಇಬ್ಬರಿಗೂ ತೋಚಲಿಲ್ಲ. ಅಷ್ಟರಲ್ಲಿ ಮಾಮನ ಹೊಟ್ಟೆ ಹಿಂಡಿದಂತಾಗಿ ವಾಂತಿಯಾಯಿತು. ಹೆಂಡತಿ ಅವರನ್ನು ಸೀದಾ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿ ನರ್ಸ್ ಮೂತ್ರದಲ್ಲಿ ಅದ್ದಿದ ಪಟ್ಟಿ ಕಡುನೇರಳೆಗೆ ತಿರುಗಿತು. ಡಬ್ಬಿಯ ಮೇಲಿನ ಬಣ್ಣಗಳಲ್ಲಿ ಅದು ಕೊನೆಯದು. ರಕ್ತದಲ್ಲಿ ಸಕ್ಕರೆಯೂ ಮಿತಿಮೀರಿತ್ತು. ಕೀಟೋನ್ ಜಾಸ್ತಿಯಿದೆ, ಈಗಲೇ ಅಡ್ಮಿಟ್ ಆಗಬೇಕು ಎಂದರು ಡಾಕ್ಟರಮ್ಮ. ದೇಹಕ್ಕೆ ಉರಿಸಲು ಸಕ್ಕರೆ ಸಿಗದಿದ್ದಾಗ ಅದು ಕೊಬ್ಬನ್ನು ಒಡೆಯುತ್ತದೆ, ಆಗ ಹುಟ್ಟುವುದೇ ಕೀಟೋನ್. ಉಪವಾಸವಿದ್ದವರಲ್ಲೂ ಸ್ವಲ್ಪ ಕಾಣಿಸುವುದುಂಟು ಎಂದು ಬಿಡಿಸಿ ಹೇಳಿದರು. ಮಾಮನಿಗೆ ಇನ್ನಷ್ಟು ಗೋಜಲಾಯಿತು.

"ಡಾಕ್ಟ್ರೇ, ನಾನು ಇಬ್ಬರ ಊಟ ಒಬ್ಬನೇ ಮಾಡ್ತಿದ್ದೀನಿ. ಸಕ್ಕರೆನೂ ಜಾಸ್ತಿ ಅಂತೀರಿ. ಮತ್ತೆ ಉಪವಾಸ ಯಾರದ್ದು?"

"ನಿಮ್ಮ ಜೀವಕೋಶಗಳದ್ದು. ಸಕ್ಕರೆ ರಕ್ತದಲ್ಲೇ ನಿಂತಿದೆ, ಅದನ್ನ ಒಳಗೆ ಬಿಡೋ ಇನ್ಸುಲಿನ್ ಇಲ್ಲ. ಕೀಟೋನ್ ಇಷ್ಟು ಏರಿದ್ರೆ ರಕ್ತ ಹುಳಿಯಾಗುತ್ತೆ. ತಡ ಮಾಡಿದ್ದರೆ ಜೀವಕ್ಕೇ ಕುತ್ತು ಬರ್ತಿತ್ತು."

ಮಾಮ ತಲೆಯಾಡಿಸಿದರು. ಅರ್ಧವೂ ತಲೆಗೆ ಹತ್ತಿರಲಿಲ್ಲ. ಡ್ರಿಪ್ಪು, ಇನ್ಸುಲಿನ್ ಎಂದು ನಾಲ್ಕು ದಿನ ಮಲಗಿ, ಇಂಜೆಕ್ಷನ್ ಚುಚ್ಚಿಕೊಳ್ಳುವುದನ್ನೂ ಮನೆಯಲ್ಲೇ ಸಕ್ಕರೆ, ಕೀಟೋನ್ ನೋಡಿಕೊಳ್ಳುವುದನ್ನೂ ಕಲಿತು ಮನೆಗೆ ಬಂದರು. ಕಣ್ಣು ಮಾತ್ರ ಮತ್ತೊಂದು ರೀತಿಯಲ್ಲಿ ಮಸುಕಾಯಿತು. ಸಕ್ಕರೆ ಏರಿಳಿದಾಗ ಹಾಗಾಗುವುದೇ, ಕೆಲವು ವಾರ ಹೊಸ ಗಾಜು ಹಾಕಬೇಡಿ ಎಂದಿದ್ದರು ಡಾಕ್ಟರಮ್ಮ. ನಿಧಾನವಾಗಿ ಅದು ತಾನೇ ತಿಳಿಯಾಯಿತು.

ಎರಡು ತಿಂಗಳ ಮೇಲೆ ಜ್ವರ ಬಂತು. ತುತ್ತು ಇಳಿಯಲಿಲ್ಲ. ಊಟವೇ ಇಲ್ಲದ ಮೇಲೆ ಇನ್ಸುಲಿನ್ ಯಾಕೆ ಎಂಬುದು ಮಾಮನ ಲೆಕ್ಕ. ಸರಿ ಅನ್ನಿಸಿದರೂ ಹೆಂಡತಿ ಆಸ್ಪತ್ರೆಗೆ ಫೋನ್ ಮಾಡಿದಳು. ಜ್ವರದಲ್ಲಿ ಇನ್ಸುಲಿನ್ ನಿಲ್ಲಿಸಲೇಬಾರದು, ತಿನ್ನದಿದ್ದರೂ ಜ್ವರ ಸಕ್ಕರೆ ಏರಿಸುತ್ತದೆ, ಮೊದಲು ಸಕ್ಕರೆ ಮತ್ತು ಕೀಟೋನ್ ನೋಡಿ ಎಂದಳು ನರ್ಸ್. ಪಟ್ಟಿ ತಿಳಿನೇರಳೆಯಾಗಿತ್ತು. ಆ ಬಣ್ಣವನ್ನೂ ಸಕ್ಕರೆಯ ಸಂಖ್ಯೆಯನ್ನೂ ಕೇಳಿ, ಇನ್ಸುಲಿನ್ ಎಷ್ಟು ಚುಚ್ಚಬೇಕೆಂದು ನರ್ಸ್ ಹೇಳಿದಳು. ಗುಟುಕು ಗುಟುಕಾಗಿ ನೀರು ಕುಡಿಯಲಿ, ವಾಂತಿ ಶುರುವಾದರೆ ಕೂಡಲೇ ಬನ್ನಿ ಎಂದಳು.

ವಾಂತಿಯಾಗಲಿಲ್ಲ. ಸಂಜೆಯ ಹೊತ್ತಿಗೆ ಬಣ್ಣ ಇನ್ನೂ ತಿಳಿಯಾಯಿತು.

"ತಿಂದ್ರೂ ಇನ್ಸುಲಿನ್ ಬೇಕು, ತಿನ್ನದಿದ್ರೂ ಬೇಕು. ಇದೆಂಥಾ ನ್ಯಾಯ ರೀ?" ಎಂದಳು ಹೆಂಡತಿ.

"ನನಗೂ ಪೂರ್ತಿ ಗೊತ್ತಾಗಿಲ್ಲ ಕಣೇ," ಎಂದು ಮಾಮ ದಿಂಬಿಗೊರಗಿ, ಇನ್ನೊಂದು ಲೋಟ ನೀರಿಗೆ ಕೈ ಚಾಚಿದರು.